ಮಾಸ್ತರರಿಗೆ ಪರೀಕ್ಷೆ ಸರಿ, ಅವರನ್ನು ತಯಾರು ಮಾಡಿದ ಕಾಲೇಜಿಗೆ?

ಮಾನ್ಯ ಸಂಪಾದಕರೇ,

ಮೊನ್ನೆ ಲೋಕಲ್ ಟ್ರೇನಿನಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿದರು. ವಯಸ್ಸು ಐವತ್ತೊಂದು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಗೈಡ್ ಓದುತ್ತಿದ್ದರು. "ಇಪ್ಪತ್ತೇಳು ವರ್ಷ ಮಕ್ಕಳ ಜೊತೆ ಕಳೆದೆ ಕಣ್ರೀ. ಈಗ ಮಗುವಿನ ಮನಸ್ಸು ನಿನಗೆ ಗೊತ್ತಾ ಅಂತ ನಾಲ್ಕು ಉತ್ತರ ಕೊಟ್ಟು ಕೇಳ್ತಾರೆ" ಎಂದು ನಕ್ಕರು. ನಕ್ಕರೇ ಹೊರತು ಮುಖದಲ್ಲಿ ಭಯ ಇತ್ತು.

ಕಾರಣ ನಿಮ್ಮ ಓದುಗರಿಗೆ ಗೊತ್ತಿರುತ್ತದೆ. 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಒಂದರಿಂದ ಎಂಟನೇ ತರಗತಿಯವರೆಗೆ ಪಾಠ ಮಾಡುವವರಲ್ಲಿ ನಿವೃತ್ತಿಗೆ ಐದು ವರ್ಷಕ್ಕಿಂತ ಜಾಸ್ತಿ ಇರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು. ಇಲ್ಲವಾದರೆ ಮನೆಗೆ. ಅಲ್ಪಸಂಖ್ಯಾತ ಶಾಲೆಗಳ ವಿಷಯ ಮಾತ್ರ ದೊಡ್ಡ ಪೀಠಕ್ಕೆ ಹೋಗಿದೆ. ತೀರ್ಪಿನ ಬಗ್ಗೆ ನನ್ನ ತಕರಾರಿಲ್ಲ. ಮಕ್ಕಳ ಮುಂದೆ ನಿಲ್ಲುವವರಿಗೆ ಒಂದು ಕನಿಷ್ಠ ಅಳತೆ ಬೇಕು. ನನ್ನ ಪ್ರಶ್ನೆ ಬೇರೆ. ಈ ಮಾಸ್ತರರಿಗೆ ಸರ್ಟಿಫಿಕೇಟ್ ಕೊಟ್ಟ ಕಾಲೇಜನ್ನು ಯಾರಾದರೂ ಪರೀಕ್ಷೆಗೆ ಕೂರಿಸಿದ್ದಾರಾ?

ನಾನು 1980ರ ದಶಕದಲ್ಲಿ ಧಾರವಾಡದಲ್ಲಿ ಟಿ.ಸಿ.ಎಚ್. (ಪ್ರಾಥಮಿಕ ಶಿಕ್ಷಕರ ತರಬೇತಿ) ಮಾಡಿದವಳು. ಮದುವೆಯಾಗಿ ಮುಂಬಯಿಗೆ ಬಂದು ಇಲ್ಲಿಯ ಕನ್ನಡ ಶಾಲೆಯೊಂದರಲ್ಲಿ ಕೆಲಸ ಮಾಡಿ ನಿವೃತ್ತಳಾದೆ. ನಮ್ಮ ಕಾಲದ ತರಬೇತಿ ಬಂಗಾರವಾಗಿತ್ತು ಎಂದು ಹೇಳಲು ಹೊರಟಿಲ್ಲ. ಪಾಠ ಟಿಪ್ಪಣಿ ಬರೆದು ಬರೆದೇ ಬೆರಳು ನೋಯುತ್ತಿತ್ತು, ಚಾರ್ಟಿಗೆ ಬಣ್ಣ ಹಚ್ಚುವುದೇ ಒಂದು ಸಬ್ಜೆಕ್ಟ್ ಆಗಿತ್ತು. ಆದರೆ ಅಭ್ಯಾಸ ಪಾಠಕ್ಕೆ ನಿಜವಾದ ಶಾಲೆಗೇ ಕಳಿಸುತ್ತಿದ್ದರು. ನಮ್ಮ ಸರ್ ಒಬ್ಬರು ಹಿಂದೆ ಮಕ್ಕಳ ಜೊತೆ ನೆಲದ ಮೇಲೆ ಕೂರುತ್ತಿದ್ದರು. ನಾನು ಬೆವರುತ್ತಾ ಪಾಠ ಮುಗಿಸಿದ ದಿನ ಅವರು ಕೇಳಿದ್ದು ಇಷ್ಟೇ: "ಪಾಠ ಛಲೋ ಆತವಾ. ಹಿಂದ ಕುಂತ ಹುಡುಗಗ ಏನ್ ತಿಳೀತು, ಕೇಳಿದಿ ಏನು?" ಕೇಳಿರಲಿಲ್ಲ. ಮರುದಿನದಿಂದ ಕೇಳತೊಡಗಿದೆ.

2022ರಲ್ಲಿ ನಮ್ಮ ಶಾಲೆಗೆ ಒಬ್ಬ ಹುಡುಗ ಮಾಸ್ತರನಾಗಿ ಬಂದ. ಬಿ.ಎಡ್. ಆಗಿತ್ತು. ಒಳ್ಳೆಯ ಹುಡುಗ. ಶ್ರದ್ಧೆ ಇತ್ತು. ಮಗುವಿನ ಬುದ್ಧಿ ಬೆಳೆಯುವ ಬಗ್ಗೆ ಮನೋವಿಜ್ಞಾನಿ ಪಿಯಾಜೆ ಹೇಳಿದ ಹಂತಗಳನ್ನು ಒಂದೂ ತಪ್ಪದೆ ಹೇಳುತ್ತಿದ್ದ. ಎರಡನೇ ತರಗತಿ ಕೊಟ್ಟರು. ಅಲ್ಲಿ ಒಂದು ಹುಡುಗಿ. ಅಪ್ಪ ಅಮ್ಮ ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಅವಳು ಪುಸ್ತಕದ 'ಅಕ್ಕಿ'ಯನ್ನು 'ಅಕಿ' ಎಂದು ಓದುತ್ತಿದ್ದಳು. ಇವನು "ತಪ್ಪು, ಮತ್ತೆ ಓದು" ಎನ್ನುತ್ತಿದ್ದ. ಅವಳು ಮತ್ತೆ "ಅಕಿ" ಎನ್ನುತ್ತಿದ್ದಳು. ಅವಳ ಮನೆಮಾತಿನಲ್ಲಿ ಅಕಿ ಅಂದರೆ 'ಅವಳು'. ಅವಳ ಪಾಲಿಗೆ ಅದು ಸರಿಯಾದ ಮಾತೇ, ಅಲ್ವಾ? ಒತ್ತಕ್ಷರ ಕಣ್ಣಿಗೆ ಬಿದ್ದಿಲ್ಲ, ಅಷ್ಟೇ. ಆ ಒತ್ತನ್ನು ಬೆರಳಿಟ್ಟು ತೋರಿಸಿ, 'ಅಕಿ'ಯನ್ನೂ 'ಅಕ್ಕಿ'ಯನ್ನೂ ಪಕ್ಕಪಕ್ಕ ಬರೆದು, ಎರಡನ್ನೂ ಬಾಯಲ್ಲಿ ಹೇಳಿಸಿದರೆ ಹತ್ತು ನಿಮಿಷದ ಕೆಲಸ. ಇದು ಅವನಿಗೆ ಹೊಳೆಯಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಚಹಾ ಕುಡಿಯುವಾಗ ಕೇಳಿದೆ, ಕಾಲೇಜಿನಲ್ಲಿ ಅಭ್ಯಾಸ ಪಾಠ ಹೇಗಿತ್ತಪ್ಪಾ ಎಂದು. "ನಮ್ಮ ಕ್ಲಾಸಿನವರೇ ಮಕ್ಕಳಾಗಿ ಕೂತಿದ್ರು ಮೇಡಂ" ಎಂದ. ಶಾಲೆಗೆ ಹೋದದ್ದು ಫೋಟೊ ತೆಗೆಯಲು, ಆಮೇಲೆ ಸಹಿ ಮಾಡಿಸಲು. ಅರ್ಧ ಕ್ಲಾಸು 'ನಾನ್ ಅಟೆಂಡಿಂಗ್' ಅಂತೆ. ಫೀಸು ಕಟ್ಟಿ ಪರೀಕ್ಷೆಗೆ ಬಂದರೆ ಸಾಕು, ಹಾಜರಿಯನ್ನು ಕಾಲೇಜೇ ನೋಡಿಕೊಳ್ಳುತ್ತದೆ. ಈ ಮಾತು ನಮ್ಮಲ್ಲಿ ಎಷ್ಟು ಮಾಮೂಲಿಯಾಗಿದೆ ಎಂದರೆ ಅವನು ಅದನ್ನು ನಾಚಿಕೆಯಿಲ್ಲದೆ ಹೇಳಿದ, ನಾನೂ ಗಾಬರಿಯಾಗದೆ ಕೇಳಿದೆ.

ಕಾಗದದ ಮೇಲೆ ನಿಯಮಗಳಿಗೆ ಕೊರತೆ ಇಲ್ಲ. ತರಬೇತಿ ಕಾಲೇಜುಗಳಿಗೆ ಮಾನ್ಯತೆ ಕೊಡುವ ಕೇಂದ್ರದ ಸಂಸ್ಥೆ ಎನ್‌ಸಿಟಿಇ 2014ರ ನಿಯಮದಲ್ಲಿ ಬಿ.ಎಡ್. ಅನ್ನು ಎರಡು ವರ್ಷ ಮಾಡಿತು. ಅದರಲ್ಲಿ 20 ವಾರ ಶಾಲೆಯಲ್ಲೇ ಕಳೆಯಬೇಕು ಎಂದಿತು. ಬಿ.ಎಡ್. ಆದವರೂ ಒಂದರಿಂದ ಐದನೇ ತರಗತಿಗೆ ಪಾಠ ಮಾಡಬಹುದು ಎಂದು 2018ರಲ್ಲಿ ಹೇಳಿತು. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು, ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿಯೇ ಬೇರೆ ಎಂದು. ನಡುವಿನ ಐದು ವರ್ಷ ಮಕ್ಕಳ ಮೇಲೆ ಪ್ರಯೋಗ ಆಯಿತು ಅಂದುಕೊಳ್ಳಬೇಕು.

ರೋಗ ಇವತ್ತಿನದಲ್ಲ. ಸುಪ್ರೀಂ ಕೋರ್ಟ್ ನೇಮಿಸಿದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಆಯೋಗ 2012ರಲ್ಲೇ ವರದಿ ಕೊಟ್ಟಿದೆ. ಆ ಪ್ರಕರಣ ಹುಟ್ಟಿದ್ದೇ ನಮ್ಮ ಮಹಾರಾಷ್ಟ್ರದ ಡಿ.ಎಡ್. (ಪ್ರಾಥಮಿಕ ಶಿಕ್ಷಕರ ಡಿಪ್ಲೊಮಾ) ಕಾಲೇಜುಗಳ ಮಾನ್ಯತೆಯ ಜಗಳದಿಂದ. ಆ ಆಯೋಗವನ್ನೇ ಹೆಸರಿಸಿ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ್ದು ಇದು: ಹತ್ತು ಸಾವಿರಕ್ಕೂ ಜಾಸ್ತಿ ಇರುವ ಬಿಡಿಯಾಗಿ ಶಿಕ್ಷಕರ ತರಬೇತಿ ಮಾತ್ರ ನಡೆಸುವ ಸಂಸ್ಥೆಗಳಲ್ಲಿ ಹೆಚ್ಚಿನವು ಕಲಿಸುವ ಪ್ರಯತ್ನವನ್ನೇ ಮಾಡುತ್ತಿಲ್ಲ, ದುಡ್ಡಿಗೆ ಪದವಿ ಮಾರುತ್ತಿವೆ. ಇದು ನಾನು ಸಿಟ್ಟಿನಲ್ಲಿ ಆಡಿದ ಮಾತಲ್ಲ, ಸರ್ಕಾರದ ದಾಖಲೆಯ ಮಾತು.

ಅತ್ತ ಪರೀಕ್ಷೆಯ ಬಾಗಿಲನ್ನೂ ಕೆಲವರು ಮಾರಿಕೊಂಡರು. ಮಹಾರಾಷ್ಟ್ರದ 2019–20ರ ಟಿಇಟಿಯಲ್ಲಿ ಹಣ ಕೊಟ್ಟು ಪಾಸಾದವರೆಂದು ಏಳು ಸಾವಿರಕ್ಕೂ ಹೆಚ್ಚು ಮಂದಿಯನ್ನು ಆಮೇಲೆ ಹೊರಗಿಟ್ಟರು. ಪ್ರಾಮಾಣಿಕವಾಗಿ ಬರೆಯುವವರ ಕಥೆ ಇನ್ನೊಂದು. ನಮ್ಮ ರಾಜ್ಯದ ಟಿಇಟಿಯಲ್ಲಿ ಎಷ್ಟೋ ವರ್ಷ ನೂರಕ್ಕೆ ಹತ್ತು ಮಂದಿಯೂ ಪಾಸಾಗಿಲ್ಲ. ನಾನು ಕಲಿಸಿದ ತರಗತಿಯಲ್ಲಿ ನೂರಕ್ಕೆ ತೊಂಬತ್ತು ಮಕ್ಕಳು ಫೇಲಾಗಿದ್ದರೆ ಹೆಡ್‌ಮಾಸ್ತರರು ಮಕ್ಕಳನ್ನು ಕರೆಸುತ್ತಿರಲಿಲ್ಲ, ನನ್ನನ್ನೇ ಕರೆಸುತ್ತಿದ್ದರು. ಇಲ್ಲಿ ಯಾವ ಪ್ರಿನ್ಸಿಪಾಲರನ್ನೂ ಯಾರೂ ಕರೆಸಿದ್ದು ನಾನು ಕೇಳಿಲ್ಲ.

ಇದರ ಬೆಲೆ ಕೊಡುವವರು ಬಡವರ ಮಕ್ಕಳು. ಹಳ್ಳಿಯ ಮಕ್ಕಳ ಓದು, ಲೆಕ್ಕ ಅಳೆಯುವ ಸಮೀಕ್ಷೆ ಅಸರ್‌ನ 2024ರ ವರದಿ ನೋಡಿ. ದೇಶದ ಹಳ್ಳಿಗಳ ಸರ್ಕಾರಿ ಶಾಲೆಗಳಲ್ಲಿ ಮೂರನೇ ತರಗತಿಯ ನೂರು ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಸುಮಾರು 23 ಮಂದಿ.

ಎಲ್ಲವನ್ನೂ ಕಾಲೇಜಿನ ತಲೆಗೆ ಕಟ್ಟಬೇಡಿ ಎಂದು ಕೆಲವರು ಹೇಳುತ್ತಾರೆ. ಒಪ್ಪುತ್ತೇನೆ. ಚುನಾವಣೆ ಡ್ಯೂಟಿ, ಜನಗಣತಿ, ಒಬ್ಬರೇ ಎರಡು ತರಗತಿ ನೋಡುವುದು, ಹಸಿದು ಬರುವ ಮಗು, ಇದೆಲ್ಲ ಇದೆ. ಅಮೆರಿಕದಲ್ಲಿ 2016ರಲ್ಲಿ ತರಬೇತಿ ಕಾಲೇಜುಗಳನ್ನು ಅವುಗಳಿಂದ ಹೊರಬಂದ ಶಿಕ್ಷಕರ ಮಕ್ಕಳ ಕಲಿಕೆಯಿಂದ ಅಳೆಯುವ ನಿಯಮ ತಂದರು. ಬಡ ಶಾಲೆಗಳಿಗೆ ಶಿಕ್ಷಕರನ್ನು ಕಳಿಸುವ ಕಾಲೇಜಿಗೇ ಹೊಡೆತ ಬೀಳುತ್ತದೆ ಎಂಬ ಆಕ್ಷೇಪ ಎದ್ದಿತು. 2017ರಲ್ಲೇ ಆ ನಿಯಮ ರದ್ದಾಯಿತು. ಹಾಗಾಗಿ ಬರೀ ಮಕ್ಕಳ ಅಂಕ ಹಿಡಿದು ಕಾಲೇಜಿಗೆ ಬೀಗ ಹಾಕಿ ಎಂದು ನಾನು ಹೇಳುವುದಿಲ್ಲ.

ಸುಮ್ನೆ ಕೆಲವು ಸಂಗತಿ ಬಯಲಿಗೆ ಬರಲಿ. ಟಿಇಟಿ ಫಲಿತಾಂಶವನ್ನು ಕಾಲೇಜುವಾರು ಹಾಕಿ: ಎಷ್ಟು ಮಂದಿ ಬರೆದರು, ಎಷ್ಟು ಮಂದಿ ಪಾಸಾದರು. ನಮ್ಮ ಮಕ್ಕಳ ಹತ್ತನೇ ತರಗತಿ ಫಲಿತಾಂಶವನ್ನು ಶಾಲೆಯ ಹೆಸರು ಹಿಡಿದು ಊರೆಲ್ಲ ಮಾತಾಡುವುದಿಲ್ಲವೇ? ಇಂಟರ್ನ್‌ಶಿಪ್ ನಿಜವಾಗಿ ಆಯಿತೇ ಎಂದು ಕಾಲೇಜನ್ನಲ್ಲ, ಆ ಶಾಲೆಯ ಹೆಡ್‌ಮಾಸ್ತರರನ್ನು ಕೇಳಿ. ಹೊಸ ಶಿಕ್ಷಕರು ಒಂದು ವರ್ಷ ಪಾಠ ಮಾಡಿದ ಮೇಲೆ, ನಿಮಗೆ ಕಾಲೇಜು ಏನು ಕಲಿಸಿತು, ಏನು ಕಲಿಸಲಿಲ್ಲ ಎಂದು ಅವರನ್ನೇ ಕೇಳಿ. ಆ ಉತ್ತರ ಎನ್‌ಸಿಟಿಇಗೆ ಹೋಗಲಿ, ಮುಂದಿನ ವರ್ಷದ ಮಾನ್ಯತೆಗೆ ಅದು ಲೆಕ್ಕಕ್ಕೆ ಬರಲಿ. ಕಟ್ಟಡ ಎಷ್ಟು ಚದರಡಿ ಎಂಬುದಕ್ಕಿಂತ ಇದು ಮುಖ್ಯ ಅನ್ನಿಸುವುದಿಲ್ಲವೇ?

ನಮ್ಮ ಕನ್ನಡಿಗರ ಪಾಲಿಗೆ ಇನ್ನೊಂದು ಗಂಟು ಇದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿಯಾದ ಪುಣೆಯ ಬಾಲಭಾರತಿ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಅದು ದೊಡ್ಡ ಉಪಕಾರ. ಆದರೆ ಆ ಪುಸ್ತಕವನ್ನು ಕನ್ನಡದಲ್ಲಿ ಕಲಿಸುವುದು ಹೇಗೆ ಎಂದು ತಿಳಿದವರು ಎಲ್ಲಿಂದ ಬರಬೇಕು? 2024ರಲ್ಲಿ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಮಾಧ್ಯಮದ ಶಿಕ್ಷಕರನ್ನು ಹಾಕಿ ಗದ್ದಲವಾಯಿತು. ಆ ಶಿಕ್ಷಕರ ತಪ್ಪೇನೂ ಇಲ್ಲ. ಒತ್ತಕ್ಷರವೇ ಓದಲು ಬಾರದವರು ಒತ್ತಕ್ಷರ ಕಲಿಸಲಿ ಎಂದರೆ ಏನು ಮಾಡಿಯಾರು? ಮುಂಬಯಿಯ ಕನ್ನಡ ಸಂಘಗಳು ವರ್ಷಕ್ಕೆ ಒಂದು ಶಾಲು ಹಾರ ಕಮ್ಮಿ ಮಾಡಿ, ಬೇಸಿಗೆಯಲ್ಲಿ ಹೊಸ ಶಿಕ್ಷಕರನ್ನು ಹಳಬರ ಜೊತೆ ಕೂರಿಸಬಹುದು. ನಾನಂತೂ ಕರೆದರೆ ಬರುತ್ತೇನೆ, ಚಹಾ ಕೊಟ್ಟರೆ ಸಾಕು.

ಆ ಹುಡುಗನ ಬಗ್ಗೆ ಹೇಳುವುದು ಬಾಕಿ ಇದೆ. ಈಗ ಅವನು ಚೆನ್ನಾಗಿ ಪಾಠ ಮಾಡುತ್ತಾನೆ. ನೋಡಿ, ಕೇಳಿ, ಎಡವಿ ಕಲಿತ. ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಅವನ ತರಗತಿಯಲ್ಲಿ ಕೂತಿದ್ದ ಮಕ್ಕಳಲ್ಲಿ ಇಬ್ಬರು ಈಗಲೂ ಭಾನುವಾರ ನಮ್ಮ ಮನೆಗೆ ಓದು ಕಲಿಯಲು ಬರುತ್ತಾರೆ. ಯಾದಗಿರಿಯ ಹುಡುಗಿ ಬರುವುದಿಲ್ಲ. ಕಟ್ಟಡ ಮುಗಿದ ಮೇಲೆ ಅವಳ ಮನೆಯವರು ಎತ್ತ ಹೋದರೋ ಗೊತ್ತಾಗಲಿಲ್ಲ.

ಇಂತಿ,
ಒಬ್ಬ ನಿವೃತ್ತ ಶಿಕ್ಷಕಿ
ಘಾಟ್ಕೋಪರ್, ಮುಂಬಯಿ