ಅರ್ಜಿಯಲ್ಲಿ ನಮ್ಮ ಕಲೆಗೂ ಒಂದು ಸಾಲು ಕೊಡಿ: ಸಂಸ್ಕೃತಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರಿಗೆ ನಮಸ್ಕಾರಗಳು.

ನಾನು ಇಪ್ಪತ್ತನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಸಮಕಾಲೀನ ನೃತ್ಯ, ಅಂದರೆ ಯಾವ ಒಂದು ಶಾಸ್ತ್ರೀಯ ಪದ್ಧತಿಗೂ ಕಟ್ಟುಬೀಳದ ನೃತ್ಯದ ಸಂಯೋಜನೆ ಮಾಡಿಕೊಂಡು ಬಂದವಳು. ಈ ಪತ್ರವನ್ನು ಬಹಳ ಹಿಂದೆಯೇ ಬರೆಯಬೇಕಿತ್ತು. ಒಳ್ಳೆಯ ಮಾತಿನಲ್ಲಿ ಕೆಲಸ ಆದೀತು ಎಂದು ನಂಬಿ ಇಷ್ಟು ದಿನ ತಡೆದುಕೊಂಡೆ. ಕಳೆದ ತಿಂಗಳು ನನ್ನ ಧನಸಹಾಯದ ಅರ್ಜಿ ನಾಲ್ಕನೆಯ ಬಾರಿಗೆ ವಾಪಸು ಬಂತು. ಕಾರಣ ಹಿಂದಿನ ಮೂರು ಬಾರಿ ಕೊಟ್ಟದ್ದೇ: "ನೃತ್ಯ ಪ್ರಕಾರವನ್ನು ಗುರುತಿಸಿಲ್ಲ."

ಎಲ್ಲಿ ಗುರುತಿಸಲಿ, ಸ್ವಾಮಿ? ಭರತನಾಟ್ಯ, ಕಥಕ್, ಕೂಚಿಪುಡಿ, ಒಡಿಸ್ಸಿ, ಜಾನಪದ, ಇಷ್ಟಕ್ಕೇ ಅರ್ಜಿ ನಮೂನೆಯ ಪಟ್ಟಿ ಮುಗಿಯುತ್ತದೆ. ಅದರ ಕೆಳಗೆ ಗುರುವಿನ ಹೆಸರು, ಬಾನಿ ಎಂದರೆ ಗುರುಪರಂಪರೆಯ ಶೈಲಿ, ರಂಗಪ್ರವೇಶದ ವರ್ಷ, ವಿದ್ವತ್ ಪರೀಕ್ಷೆಯ ಪ್ರಮಾಣಪತ್ರ ಕೇಳುತ್ತಾರೆ. ನಮ್ಮ ಕಲೆಯಲ್ಲಿ ವಿದ್ವತ್ ಪರೀಕ್ಷೆಯೇ ಇಲ್ಲ. ಕಚೇರಿಯ ಗುಮಾಸ್ತರು ಮರುಕದಿಂದಲೇ ಹೇಳಿದರು: "ಭರತನಾಟ್ಯ ಎಂದು ಬರೆದುಬಿಡಿ ಮೇಡಂ, ಚಿಕ್ಕಂದಿನಲ್ಲಿ ಕಲಿತಿದ್ದೀರಲ್ಲ." ಕಲಿತಿದ್ದೇನೆ. ಸಾಗರದಲ್ಲಿ ಹನ್ನೊಂದು ವರ್ಷ ಕಲಿತೆ. ನಲವತ್ತೇಳನೆಯ ವಯಸ್ಸಿನಲ್ಲಿಯೂ ನನ್ನ ಬೆನ್ನು ನೆಟ್ಟಗಿದ್ದರೆ ಅದು ಮಂಡಿ ಬಾಗಿಸಿ ಅರ್ಧ ಕುಳಿತು ಕುಣಿಯುವ ಭರತನಾಟ್ಯದ ಅರಮಂಡಿಯ ಋಣ. ಆ ಋಣ ಇರುವುದರಿಂದಲೇ ಅದರ ಹೆಸರಿನಲ್ಲಿ ಸುಳ್ಳು ಬರೆದು ಹಣ ಪಡೆಯಲು ನನಗೆ ಕೈ ಬರುವುದಿಲ್ಲ.

ಸಮಕಾಲೀನ ನೃತ್ಯ ನಿನ್ನೆ ಮೊನ್ನೆ ಹುಟ್ಟಿದ ಹುಚ್ಚು ಎಂದು ಯಾರಾದರೂ ನಿಮಗೆ ಹೇಳಿದ್ದರೆ ಅದು ತಪ್ಪು. ಭಾರತದಲ್ಲಿ ಆಧುನಿಕ ನೃತ್ಯಕ್ಕೆ ದಾರಿ ಮಾಡಿದ ಉದಯಶಂಕರ್ ಲಂಡನ್ನಿನಲ್ಲಿ ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಜೊತೆ ಕುಣಿದದ್ದು 1923ರಲ್ಲಿ. ನೃತ್ಯ ಸಂಯೋಜನೆಯನ್ನೇ ಒಂದು ವಿದ್ಯೆಯಾಗಿ ಮಾಸ್ಕೋದಲ್ಲಿ ಕಲಿತು ಬಂದ ಮಾಯಾ ರಾವ್ ನಮ್ಮ ಬೆಂಗಳೂರಿನವರು. ಕಥಕ್ ಕಲಾವಿದೆಯಾಗಿದ್ದ ಅವರು ಇದೇ ಊರಿನಲ್ಲಿ ಸಂಯೋಜಕರನ್ನು ತಯಾರು ಮಾಡಿದರು. ಬೆಂಗಳೂರಿನ ಸಮಕಾಲೀನ ನೃತ್ಯ ಸಂಸ್ಥೆ ಅಟ್ಟಕ್ಕಲರಿ ಶುರುವಾದದ್ದು 1992ರಲ್ಲಿ. ಆ ಸಂಸ್ಥೆಯ ನೃತ್ಯೋತ್ಸವಕ್ಕಾಗಿ ಹೊರದೇಶಗಳ ತಂಡಗಳು ಬೆಂಗಳೂರಿಗೆ ಬಂದಿವೆ. ದೆಹಲಿಯ ಸಂಗೀತ ನಾಟಕ ಅಕಾಡೆಮಿ ಇದೇ ದಾರಿಯ ನೃತ್ಯ ಸಂಯೋಜಕರಾದ ಚಂದ್ರಲೇಖಾ ಅವರಿಗೆ, ಅಸ್ತಾದ್ ದೇಬೂ ಅವರಿಗೆ ಪ್ರಶಸ್ತಿ ಕೊಟ್ಟು ದಶಕಗಳಾದವು. ದೆಹಲಿಗೆ ಕಂಡ ಕಲೆ ನಮ್ಮ ಅರ್ಜಿ ನಮೂನೆಗೆ ಮಾತ್ರ ಏಕೆ ಕಾಣುವುದಿಲ್ಲ? ನಿಯಮಗಳು ನಿಮಗೆ ತಿಳಿದಿವೆ. ನಮೂನೆಗೆ ಒಂದು ಸಾಲು ಸೇರಿಸಲು ಏನು ಬೇಕು ಎಂಬುದೂ ತಿಳಿದಿರುತ್ತದೆ.

ನನ್ನ ಬದುಕು ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಒಂದು ಗಂಟೆಯ ಪ್ರಯೋಗ ಕಟ್ಟಲು ಎಂಟು ತಿಂಗಳು ಬೇಕು. ಐವರು ನರ್ತಕರು, ತಾಲೀಮಿನ ಹಾಲ್‌ಗೆ ಗಂಟೆ ಲೆಕ್ಕದ ಬಾಡಿಗೆ, ಬೆಳಕು, ಸಂಗೀತ, ಹುಡುಗರ ಬಸ್ ಖರ್ಚು, ಊಟ. ಪ್ರದರ್ಶನ ಎರಡೋ ಮೂರೋ. ಇದಕ್ಕೆಲ್ಲ ಹಣ ಹೊಂದಿಸಲು ಡಿಸೆಂಬರ್ ತಿಂಗಳಿಡೀ ಶಾಲೆಗಳ ವಾರ್ಷಿಕೋತ್ಸವಕ್ಕೆ ಮಕ್ಕಳನ್ನು ಕುಣಿಸುತ್ತೇನೆ, ಮದುವೆಯ ಹಿಂದಿನ ರಾತ್ರಿ ಕುಣಿಯಲು ವಧುವಿನ ಅತ್ತಿಗೆ ನಾದಿನಿಯರಿಗೆ ಹೆಜ್ಜೆ ಕಲಿಸುತ್ತೇನೆ. ಆ ಕೆಲಸದ ಬಗ್ಗೆ ನನಗೆ ನಾಚಿಕೆಯಿಲ್ಲ, ಅದು ಅನ್ನ ಕೊಟ್ಟಿದೆ. ಆದರೆ ಎಡ ಮಂಡಿ ಸವೆದುಹೋಗಿದೆ. ಕಲಾವಿದರ ಮಾಸಾಶನದ ವಯಸ್ಸು ಬರುವ ಹೊತ್ತಿಗೆ ನಾನು ಮೆಟ್ಟಿಲು ಹತ್ತಲಾರೆ. ಆಗಲೂ ಯಾವ ಕಲೆಯ ಕಲಾವಿದೆ ಎಂದು ಕೇಳುತ್ತಾರೆ, ಆಗಲೂ ಆ ಸಾಲು ಇರುವುದಿಲ್ಲ.

ಇಷ್ಟೇ ಆಗಿದ್ದರೆ ಇನ್ನೂ ಸಹಿಸುತ್ತಿದ್ದೆನೇನೋ. ಎರಡು ವರ್ಷಗಳ ಹಿಂದೆ ನಡೆದ ಒಂದು ಸಂಗತಿಯನ್ನು ಮಾತ್ರ ಮರೆಯಲು ಆಗಿಲ್ಲ. ಸರ್ಕಾರದ ಒಂದು ರಂಗಮಂದಿರವನ್ನು ಬಾಡಿಗೆಗೆ ಪಡೆದಿದ್ದೆವು. ಅಲ್ಲಿಯ ಪಟ್ಟಿಯಲ್ಲಿಯೂ ನಮ್ಮ ಕಲೆ ಇರಲಿಲ್ಲ. ಅದಕ್ಕೇ "ಇತರೆ ಮನರಂಜನೆ" ಎಂದು ಬರೆದುಕೊಂಡು ಹೆಚ್ಚಿನ ದರ ಹಾಕಿದರು. ನಮ್ಮ ನೃತ್ಯದಲ್ಲಿ ದೇಹ ನೆಲಕ್ಕೆ ಬೀಳುತ್ತದೆ, ಉರುಳುತ್ತದೆ, ಜಾರುತ್ತದೆ. ಅದಕ್ಕಾಗಿ ರಬ್ಬರಿನ ಹಾಸು ತಂದಿದ್ದೆವು. ಅಂಟುಪಟ್ಟಿಯಿಂದ ಮರದ ಹಲಗೆ ಹಾಳಾಗುತ್ತದೆಂದು ಅದನ್ನು ಹಾಸಲು ಬಿಡಲಿಲ್ಲ. ಅದೇ ಬೆಳಿಗ್ಗೆ ಅಲ್ಲೊಂದು ಸನ್ಮಾನ ಸಮಾರಂಭ ನಡೆದಿತ್ತು. ಅದಕ್ಕೆ ಹಾಸಿದ್ದ ಕೆಂಪು ಗಂಬಳಿಯನ್ನು ಅದೇ ಹಲಗೆಗೆ ಮೊಳೆ ಹೊಡೆದು ಕೂರಿಸಿದ್ದರು. ಆಗ ಹಲಗೆಯ ಚಿಂತೆ ಯಾರಿಗೂ ಬರಲಿಲ್ಲ. ಗಂಬಳಿಯನ್ನು ಎಳೆದು ತೆಗೆದಾಗ ಮೊಳೆಗಳು ಅಲ್ಲಲ್ಲಿ ಉಳಿದವು. ನಾವು ಮಂಡಿಯೂರಿ ಕುಳಿತು ಕೈಯಲ್ಲಿ ಸವರಿ ಸವರಿ ಹನ್ನೊಂದು ಮೊಳೆ ಕಿತ್ತೆವು.

ಹನ್ನೆರಡನೆಯದು ನಮ್ಮ ಕೈಗೆ ಸಿಗಲಿಲ್ಲ. ಇಪ್ಪತ್ತೆರಡು ವರ್ಷದ ನಮ್ಮ ಹುಡುಗಿ ಎಡಬದಿಯಿಂದ ಬೆನ್ನ ಮೇಲೆ ಜಾರಿಕೊಂಡು ಬರುವ ದೃಶ್ಯದಲ್ಲಿ ಆ ಮೊಳೆ ಅವಳ ಭುಜದಿಂದ ಸೊಂಟದವರೆಗೆ ಗೀರಿತು. ಅವಳು ನಿಲ್ಲಿಸಲಿಲ್ಲ. ಉಳಿದ ಆರು ನಿಮಿಷವನ್ನು ಪೂರೈಸಿದಳು. ಪ್ರೇಕ್ಷಕರಲ್ಲಿ ಹಲವರು ಅದನ್ನು ಉಡುಪಿನ ಬಣ್ಣ ಎಂದುಕೊಂಡಿದ್ದರು. ಒಂಬತ್ತು ಹೊಲಿಗೆ ಬಿದ್ದವು. ಮರುದಿನ ಠೇವಣಿ ಹಿಂಪಡೆಯಲು ಹೋದಾಗ ಅದರಲ್ಲಿ 1,800 ರೂಪಾಯಿ ಕಡಿತವಾಗಿತ್ತು. ರಂಗದ ಮೇಲಿನ ಕಲೆ ತೊಳೆದ ಖರ್ಚು ಎಂದರು. ಆ ಹುಡುಗಿಯ ರಕ್ತ ತೊಳೆದ ಖರ್ಚು, ಸಚಿವರೆ! ಅದನ್ನು ನಮ್ಮಿಂದಲೇ ವಸೂಲು ಮಾಡಿದರು. ಪ್ರಶ್ನಿಸಿದಾಗ ಅಲ್ಲಿಯ ಅಧಿಕಾರಿ ನನಗೆ ಹೇಳಿದ ಮಾತು ಇದು: "ನೃತ್ಯ ಎಂದರೆ ನಿಂತು ಮಾಡುವುದು. ನೆಲದ ಮೇಲೆ ಉರುಳಾಡಲು ನಿಮಗೆ ಯಾರು ಹೇಳಿದರು?"

ಆ ರಸೀದಿ ಇಂದಿಗೂ ನನ್ನ ಬಳಿ ಇದೆ. ಆ ಹುಡುಗಿ ಈಗ ಕುಣಿಯುತ್ತಿಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅವಳ ತಾಯಿಯ ಮುಖ ನೋಡಲು ನನಗೆ ಇನ್ನೂ ಧೈರ್ಯ ಬಂದಿಲ್ಲ.

ನಾನು ದೊಡ್ಡದೇನನ್ನೂ ಕೇಳುತ್ತಿಲ್ಲ. ಪ್ರಶಸ್ತಿ ಬೇಡ, ನಿವೇಶನ ಬೇಡ. ನೃತ್ಯ ಪ್ರಕಾರಗಳ ಪಟ್ಟಿಯಲ್ಲಿ "ಸಮಕಾಲೀನ ನೃತ್ಯ" ಎಂಬ ಒಂದು ಸಾಲು ಸೇರಿಸಿ. ಆ ಸಾಲು ಬಂದರೆ ರಂಗಮಂದಿರದ ದರಪಟ್ಟಿಯೂ ಬದಲಾಗಬೇಕಾಗುತ್ತದೆ, ಹಾಸು ಹಾಸಲು ಅನುಮತಿ ಕೇಳುವ ಹಕ್ಕು ನಮಗೆ ಬರುತ್ತದೆ, ಯಾರು ಹೇಳಿದರು ಎಂದು ಕೇಳುವವರಿಗೆ ತೋರಿಸಲು ಒಂದು ಕಾಗದ ಇರುತ್ತದೆ. ಒಂದು ಸಾಲು ಸಾಕು. ಪ್ರಮಾಣಪತ್ರದ ಬದಲು ನಮ್ಮ ಪ್ರಯೋಗಗಳನ್ನು ನೋಡಿ ಅಳೆಯಿರಿ. ನಾವು ಅಳತೆಗೆ ಹೆದರುವವರಲ್ಲ.

ಮುಂದಿನ ವರ್ಷದ ಅರ್ಜಿ ನಮೂನೆ ಅಚ್ಚಿಗೆ ಹೋಗುವ ಮೊದಲು ಇದನ್ನು ಮಾಡಿಸಿ ಎಂದು ಕೈಮುಗಿದು ಕೇಳುತ್ತೇನೆ. ಐದನೆಯ ಅರ್ಜಿಯನ್ನು ಈಗಾಗಲೇ ತುಂಬಿ ಇಟ್ಟಿದ್ದೇನೆ. ಪ್ರಕಾರದ ಜಾಗವನ್ನು ಮಾತ್ರ ಖಾಲಿ ಬಿಟ್ಟಿದ್ದೇನೆ.

ಇಂತಿ,
ಒಬ್ಬ ನೃತ್ಯ ಸಂಯೋಜಕಿ
ಬೆಂಗಳೂರು