ಮಗಳಿಗೊಂದು ಪತ್ರ: ಸಂಪ್ ತೋಡಿಸುವ ಮುಂಚೆ

ಪ್ರೀತಿಯ ಮಗಳಿಗೆ, ಆಶೀರ್ವಾದಗಳು.

ಪಾಯ ಮುಗಿಯಿತು, ಮುಂದಿನ ವಾರ ಸಂಪ್ ತೋಡಿಸುತ್ತೇವೆ ಅಂದೆಯಲ್ಲ, ಅದಕ್ಕೇ ಈ ಪತ್ರ. ಫೋನಿನಲ್ಲಿ ಹೇಳಿದ ಅಳತೆ ನೆನಪಿನಲ್ಲಿ ಉಳಿಯುವುದಿಲ್ಲ. ಬರೆದುಕೊಟ್ಟರೆ ಮೇಸ್ತ್ರಿಗೂ ಪ್ಲಂಬರಿಗೂ ತೋರಿಸಬಹುದು. ಮಳೆನೀರಿನ ಕೆಲಸವನ್ನು ಗೃಹಪ್ರವೇಶ ಆದಮೇಲೆ ನೋಡೋಣ ಅಂತ ಬಿಟ್ಟರೆ ಟೈಲ್ಸ್ ಒಡೆದು ಮಾಡಿಸಬೇಕಾಗುತ್ತದೆ. ಈಗಾದರೆ ನಾಲ್ಕು ಪೈಪಿನ ದಿಕ್ಕು ಬದಲಿಸಿದರೆ ಮುಕ್ಕಾಲು ಕೆಲಸ ಮುಗಿದ ಹಾಗೆ.

ನಿಮ್ಮ ಬಡಾವಣೆ ಬೆಂಗಳೂರು ನಗರಕ್ಕೆ ಸೇರಿಸಿಕೊಂಡ ಅಂಚಿನ 110 ಹಳ್ಳಿಗಳ ವ್ಯಾಪ್ತಿಯಲ್ಲಿದೆ. 2024ರ ಅಕ್ಟೋಬರಿನಲ್ಲಿ ಕಾವೇರಿ 5ನೇ ಹಂತ ಉದ್ಘಾಟನೆಯಾಯಿತು, ಆ ಹಳ್ಳಿಗಳಿಗೆಂದೇ ದಿನಕ್ಕೆ 775 ದಶಲಕ್ಷ ಲೀಟರ್ ನೀರಿನ ಯೋಜನೆ. ‘ಕಾವೇರಿ ಬಂತಲ್ಲ ಮಾವ, ಇನ್ನೇಕೆ ತಲೆನೋವು’ ಎಂದು ಅಳಿಯಂದಿರು ಕೇಳಿಯಾರು. ಊರಿನ ನೀರಿನ ಚರಿತ್ರೆ ನೋಡಲಿ. 1890ರ ದಶಕದಲ್ಲಿ ಹೆಸರಘಟ್ಟ ಕೆರೆ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಕಾವೇರಿ. ಸಾಲದಾದಾಗಲೆಲ್ಲ ಊರು ಇನ್ನಷ್ಟು ದೂರ ಹೋಗಿ ನೀರು ತಂದಿದೆ. ಈಗ ಬರುತ್ತಿರುವುದು ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿ.ಮೀ. ದಾರಿ, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಮತ್ತೆ ಪಂಪ್ ಮಾಡಿ ಹೆಚ್ಚುಕಮ್ಮಿ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ಅದರಾಚೆ ಕೈಗೆಟುಕುವ ಇನ್ನೊಂದು ಹೊಳೆ ನಮಗಿಲ್ಲ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದರು. ಮರುವರ್ಷ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಬೇಕಾಯಿತು. ಅದಕ್ಕೆ ಒಂದೂವರೆ ವರ್ಷ ಮೊದಲಷ್ಟೇ, 2022ರ ಸೆಪ್ಟೆಂಬರಿನಲ್ಲಿ, ಇದೇ ಊರಿನ ಬೆಳ್ಳಂದೂರಿನ ಕಡೆ ಜನರನ್ನು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಮನೆಯಿಂದ ಹೊರಗೆ ಕರೆತಂದಿದ್ದರು. ನೆರೆಯೂ ಬರವೂ ಬೇರೆ ಬೇರೆ ಶನಿಗಳಲ್ಲ. ತಾರಸಿಯ ನೀರನ್ನು ರಸ್ತೆಗೆ ಬಿಟ್ಟಾಗ ಮೊದಲನೆಯದು ಬರುತ್ತದೆ, ನೆಲಕ್ಕೆ ಬಿಡದೆ ಹೋದಾಗ ಎರಡನೆಯದು.

ಈಗ ಲೆಕ್ಕಕ್ಕೆ ಬರೋಣ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಿನ್ನದು 30x40 ಅಡಿ ಸೈಟು, ತಾರಸಿ ಸುಮಾರು 90 ಚದರ ಮೀಟರ್ ಆಗುತ್ತದೆ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿ.ಮೀ. ಒದ್ದೆಯಾಗಿ ಆರಿಹೋಗುವುದು, ಸಿಡಿದು ಹೋಗುವುದು ಕಳೆದರೂ ನೂರಕ್ಕೆ 85 ಪಾಲು ಕೈಗೆ ಸಿಗುತ್ತದೆ. ಅಂದರೆ ವರ್ಷಕ್ಕೆ 74,000 ಲೀಟರ್, 6,000 ಲೀಟರಿನ ಟ್ಯಾಂಕರ್ ಹನ್ನೆರಡು. ನಾಲ್ಕು ಜನ ತಲಾ 135 ಲೀಟರ್ ಬಳಸಿದರೂ ನಾಲ್ಕೂವರೆ ತಿಂಗಳ ನೀರು. ಇದು ಒಂದೇ ಸಲ ಬೀಳುವುದಿಲ್ಲ, ಹಾಗಾಗಿ ಸಂಪು ವರ್ಷಕ್ಕೆ ಹತ್ತು ಸಲ ತುಂಬಿ ಹತ್ತು ಸಲ ಖಾಲಿಯಾಗಬಹುದು. ದೊಡ್ಡ ಸಂಪಿಗಿಂತ ತುಂಬಿದ್ದನ್ನು ಕೂಡಲೇ ಬಳಸುವ ಅಭ್ಯಾಸ ಮುಖ್ಯ. ಮಳೆನೀರನ್ನು ಬೇಸಿಗೆಗೆಂದು ಎತ್ತಿಟ್ಟರೆ ಮುಂದಿನ ಮಳೆಗೆ ಜಾಗವೇ ಇರುವುದಿಲ್ಲ.

ಸಂಪನ್ನು ಎರಡು ಭಾಗ ಮಾಡಿಸು, ಒಂದು ಕಾವೇರಿಗೆ, ಒಂದು ಮಳೆಗೆ. ನಡುವೆ ಗೋಡೆ, ಎರಡಕ್ಕೂ ಬೇರೆ ಮುಚ್ಚಳ. ಒಂದರಲ್ಲೇ ಬೆರೆಸಿದರೆ ಕಾವೇರಿ ನೀರು ತುಂಬಿ ಕೂತಿರುತ್ತದೆ, ಮಳೆ ಬಂದಾಗ ಎಲ್ಲವೂ ಹೊರಗೆ. ಒಂದು ಸಲ ಕೊಳೆ ಒಳಗೆ ಬಂದರೆ ಎರಡೂ ನೀರು ಕೆಡುತ್ತದೆ. ಮಳೆಯ ಭಾಗ 6 ಅಡಿ ಉದ್ದ, 6 ಅಡಿ ಅಗಲ, 7 ಅಡಿ ಆಳ ಇರಲಿ. ಮೇಲೆ ಒಂದಡಿ ಬಿಟ್ಟರೆ 6,000 ಲೀಟರ್ ಹಿಡಿಯುತ್ತದೆ. ಜಲಮಂಡಳಿಯ ನಿಯಮವೂ ಅಷ್ಟನ್ನೇ ಕೇಳುತ್ತದೆ: ತಾರಸಿಯ ಪ್ರತಿ ಚದರ ಮೀಟರಿಗೆ 60 ಲೀಟರ್, ಕಾಂಕ್ರೀಟ್ ಹಾಕಿದ ಅಂಗಳಕ್ಕೆ 30 ಲೀಟರ್. 2009ರಿಂದ ಹೊಸ 30x40 ಮನೆಗಳಿಗೂ ಮಳೆನೀರು ಕೊಯ್ಲು ಕಡ್ಡಾಯ. ಆದರೆ ನೀರಿನ ಬಿಲ್ಲಿನಲ್ಲಿ ಹಾಕುವ ದಂಡ ತಪ್ಪಿಸಿಕೊಳ್ಳಲು ಒಂದು ನೀಲಿ ಡ್ರಮ್ ಇಟ್ಟು ಫೋಟೋ ಕೊಟ್ಟು ಸುಮ್ಮನಾಗುವ ಮನೆಗಳ ಸಾಲಿಗೆ ನಿನ್ನದು ಸೇರಬಾರದು.

ತಾರಸಿಯಿಂದ ಇಳಿಯುವ ಪೈಪು ನಾಲ್ಕು, ಎಲ್ಲವೂ 110 ಮಿ.ಮೀ. ಬಾಯಿಗೆ ಗುಮ್ಮಟದಂತೆ ಉಬ್ಬಿದ ಜಾಲರಿ ಹಾಕಿಸು. ಚಪ್ಪಟೆ ಜಾಲರಿಯಾದರೆ ಎರಡು ಹೊಂಗೆ ಎಲೆ ಸಾಕು, ಮುಚ್ಚಿಹೋಗಿ ತಾರಸಿಯೇ ಕೆರೆಯಾಗುತ್ತದೆ. ಪ್ಲಂಬರ್ ರೂಢಿಯಂತೆ ಇವನ್ನು ರಸ್ತೆಗೋ, ಇನ್ನೂ ಕೆಟ್ಟದೆಂದರೆ ಒಳಚರಂಡಿ ಚೇಂಬರಿಗೋ ಸೇರಿಸಿಬಿಡುತ್ತಾನೆ. ಜೋರು ಮಳೆಯಲ್ಲಿ ರಸ್ತೆ ನಡುವಿನ ಮ್ಯಾನ್‌ಹೋಲ್ ಉಕ್ಕುವುದಕ್ಕೆ, ತಗ್ಗಿನ ಮನೆಗಳ ಬಚ್ಚಲಿನಲ್ಲಿ ಕೊಳಚೆ ಮೇಲೆ ಬರುವುದಕ್ಕೆ ಇದೊಂದು ದೊಡ್ಡ ಕಾರಣ. ಕೆಲಸದ ದಿನ ನೀನೇ ನಿಂತು ನೋಡು.

ಮೊದಲ ಒಂದು ಮಿ.ಮೀ. ಮಳೆ ತಾರಸಿಯ ಧೂಳು, ಪಾರಿವಾಳದ ಹಿಕ್ಕೆ, ಹೊಗೆಯ ಮಸಿ ಎಲ್ಲವನ್ನೂ ತೊಳೆದುಕೊಂಡು ಬರುತ್ತದೆ. ಅದು ಫಿಲ್ಟರಿಗೆ ಹೋಗಬಾರದು. ಒಂದೊಂದು ಪೈಪಿನ ಪಾಲಿಗೆ ಸುಮಾರು 22 ಲೀಟರ್ ಕೊಳೆನೀರು. ಪೈಪು ಫಿಲ್ಟರಿನ ಕಡೆ ತಿರುಗುವ ಜಾಗದಲ್ಲಿ ಒಂದು ಟೀ (T ಆಕಾರದ ಜೋಡಣೆ) ಹಾಕಿ, ಕೆಳಕ್ಕೆ 160 ಮಿ.ಮೀ. ಪೈಪನ್ನು ನಾಲ್ಕಡಿ ಇಳಿಸಿ ತಳಕ್ಕೆ ತಿರುಪಿನ ಮುಚ್ಚಳ ಹಾಕಬೇಕು. ಆ ನಾಲ್ಕಡಿಯಲ್ಲಿ 22 ಲೀಟರ್ ಹಿಡಿಯುತ್ತದೆ. ಅದು ತುಂಬಿದ ಮೇಲೆ ಬರುವ ತಿಳಿನೀರು ಮೇಲಿಂದ ಫಿಲ್ಟರಿಗೆ ತಿರುಗುತ್ತದೆ. ಅನೇಕರು ಇಲ್ಲೂ 110 ಮಿ.ಮೀ. ಪೈಪನ್ನೇ ಇಳಿಸುತ್ತಾರೆ, ಅದರಲ್ಲಿ ಹಿಡಿಯುವುದು ಹತ್ತೇ ಲೀಟರ್, ಉಳಿದ ಕೊಳೆ ಸಂಪಿಗೆ. ಮುಚ್ಚಳದಲ್ಲಿ 3 ಮಿ.ಮೀ. ತೂತು ಕೊರೆಸಿಡು. ಮಳೆ ನಿಂತ ಮೇಲೆ ನೀರು ತೊಟ್ಟಿಕ್ಕಿ ತಾನಾಗಿ ಖಾಲಿಯಾಗಿ ಮುಂದಿನ ಮಳೆಗೆ ಸಿದ್ಧವಾಗುತ್ತದೆ. ಆ ತೂತಿಗೆ ಕಸ ಕಟ್ಟಿಕೊಳ್ಳುವುದೇ ದೊಡ್ಡ ಕಾಟ. ಎರಡು ತಿಂಗಳಿಗೊಮ್ಮೆ ಮುಚ್ಚಳ ಬಿಚ್ಚಿದರೆ ಒಂದು ಹಿಡಿ ಕಪ್ಪು ಕೆಸರು ಬೀಳುತ್ತದೆ. ವರ್ಷದ ಮೊದಲ ಮಳೆ ಬಂದ ದಿನ ಮಾತ್ರ ಮುಚ್ಚಳ ಪೂರ್ತಿ ತೆಗೆದಿಟ್ಟು ಎಲ್ಲವನ್ನೂ ಹೊರಗೆ ಬಿಡು, ಆಸೆ ಪಡಬೇಡ.

ಫಿಲ್ಟರಿಗೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಸಾಕು, ರಾಸಾಯನಿಕ ತುಂಬಿದ್ದ ಹಳೇ ಡ್ರಮ್ ಬೇಡ. ತಳದಲ್ಲಿ 20 ಮಿ.ಮೀ. ಜಲ್ಲಿ 9 ಅಂಗುಲ, ಅದರ ಮೇಲೆ ನೈಲಾನ್ ಬಲೆ, 6 ಮಿ.ಮೀ. ಜಲ್ಲಿ 4 ಅಂಗುಲ, ಮತ್ತೆ ಬಲೆ, ದಪ್ಪ ಮರಳು 8 ಅಂಗುಲ, ಮತ್ತೊಂದು ಬಲೆ, ಮೇಲೆ ಭಾರಕ್ಕೆ 3 ಅಂಗುಲ ಜಲ್ಲಿ. ಉಳಿದ ಹತ್ತು ಹನ್ನೊಂದು ಅಂಗುಲ ನೀರು ನಿಲ್ಲುವುದಕ್ಕೆ ಖಾಲಿ ಇರಬೇಕು. ಜಲ್ಲಿ, ಮರಳು ಎರಡನ್ನೂ ತೊಳೆದ ನೀರು ತಿಳಿಯಾಗುವವರೆಗೆ ತೊಳೆಸು. ತೊಳೆಯದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕಿದರೆ ಕಲ್ಲಿನ ಹಿಟ್ಟು ಮೊದಲ ಮಳೆಗೇ ಗಟ್ಟಿ ಕೂತು ನೀರು ಇಳಿಯುವುದು ನಿಲ್ಲುತ್ತದೆ, ಆಮೇಲೆ ಜನ ‘ಈ ಫಿಲ್ಟರ್ ಕೆಲಸಕ್ಕೆ ಬರಲ್ಲ’ ಅಂತ ಪೈಪನ್ನು ಮತ್ತೆ ರಸ್ತೆಗೆ ತಿರುಗಿಸುತ್ತಾರೆ. ಗಂಟೆಗೆ 60 ಮಿ.ಮೀ. ಹೊಡೆಯುವ ಮಳೆಯಲ್ಲಿ ನಿನ್ನ ತಾರಸಿಯಿಂದ ನಿಮಿಷಕ್ಕೆ 90 ಲೀಟರ್ ಇಳಿಯುತ್ತದೆ. ಅಷ್ಟನ್ನು ಒಂದು ಡ್ರಮ್ ಸೋಸಲಾರದು, ಸೋಸಬೇಕಾಗಿಯೂ ಇಲ್ಲ. ಡ್ರಮ್ಮಿನ ಕಂಠದಿಂದ ಇನ್ನೊಂದು 110 ಮಿ.ಮೀ. ಪೈಪು ಹೊರಟು ಇಂಗುಬಾವಿಗೆ, ಅಂದರೆ ಮಳೆನೀರನ್ನು ನೆಲಕ್ಕೆ ಇಂಗಿಸುವ ಬಾವಿಗೆ, ಹೋಗಲಿ, ಸಂಪ್ ತುಂಬಿದಾಗ ಹೊರಬರುವ ನೀರೂ ಅಲ್ಲಿಗೇ. ಒಳಗೆ ಬರುವ ಪೈಪಿನಷ್ಟೇ ದಪ್ಪ ಹೊರಹೋಗುವ ಪೈಪಿಗೂ ಇರಬೇಕು.

ಇಂಗುಬಾವಿಯ ವಿಷಯ ಸ್ವಲ್ಪ ವಿಸ್ತಾರವಾಗಿ ಬರೆಯುತ್ತೇನೆ, ಏಕೆಂದರೆ ಜನ ಬಿಡುವುದು ಇದನ್ನೇ. ನಮ್ಮ ಊರಿನ ನೆಲದಡಿ ಇರುವುದು ಗಟ್ಟಿ ಕಲ್ಲು. ಅದರ ಬಿರುಕುಗಳಲ್ಲಲ್ಲದೆ ಕಲ್ಲಿನಲ್ಲಿ ನೀರಿಗೆ ಬೇರೆ ಜಾಗವಿಲ್ಲ. ಕಲ್ಲಿನ ಮೇಲಿರುವ ಗರಸು ಮಣ್ಣಿನ ಪದರವೇ ನಿಜವಾದ ತೊಟ್ಟಿ. ಸಾವಿರ ಅಡಿ ಬೋರ್‌ವೆಲ್ ಕೊರೆಸುವವರು ಹುಡುಕುವುದು ಎಷ್ಟೋ ಕಾಲದ ಹಿಂದೆ ಇಂಗಿ ಬಿರುಕಿಗೆ ಇಳಿದ ನೀರನ್ನು. ನೀನು ತುಂಬಿಸಬೇಕಾದದ್ದು ಆ ಮೇಲಿನ ತೊಟ್ಟಿಯನ್ನು.

ಅಳತೆ: 3 ಅಡಿ ಅಗಲ, 20 ಅಡಿ ಆಳ. ಸುಮಾರು 4,000 ಲೀಟರ್ ಹಿಡಿಯುತ್ತದೆ. 25 ಮಿ.ಮೀ.ನ ಒಂದು ಒಳ್ಳೆ ಮಳೆಗೆ ನಿನ್ನ ತಾರಸಿಯಿಂದ ಬರುವುದು 1,900 ಲೀಟರ್, ಹಾಗಾಗಿ ದೊಡ್ಡ ಮಳೆಗೂ ತಡೆಯುತ್ತದೆ. ತೋಡಲು ಮಣ್ಣು ಒಡ್ಡರನ್ನೇ ಕರೆಸು. ತಲೆಮಾರುಗಳಿಂದ ಬಾವಿ ತೋಡಿದ ಕೈ ಅದು, ಕಬ್ಬನ್ ಪಾರ್ಕಿನ ಇಂಗುಬಾವಿಗಳಲ್ಲೂ ಅವರ ಕೆಲಸವಿದೆ. ಮಣ್ಣಿನ ಬಣ್ಣ, ವಾಸನೆ ನೋಡಿ ಎಲ್ಲಿ ನಿಲ್ಲಿಸಬೇಕು ಅಂತ ಹೇಳುತ್ತಾರೆ. ಮೇಲಿನ ಕೆಮ್ಮಣ್ಣಿನಲ್ಲಿ ಜೇಡಿ ಹೆಚ್ಚು, ನೀರು ಇಂಗುವುದು ನಿಧಾನ. ಕೈಯಲ್ಲಿ ಹಿಸುಕಿದರೆ ಉಂಡೆಯಾಗದೆ ಉದುರುವ ಗರಸು ಸಿಗುವವರೆಗೆ ಇಳಿಯಬೇಕು, 15 ಅಡಿಗೋ 25 ಅಡಿಗೋ. ಸಿಕ್ಕ ಮೇಲೆ ಒಂದು ಪರೀಕ್ಷೆ ಮಾಡು. ಗುಂಡಿಗೆ ಮೂರಡಿ ನೀರು ತುಂಬಿಸಿ ಕೋಲಿಗೆ ಗುರುತು ಹಾಕಿ ಗಂಟೆಗೊಮ್ಮೆ ನೋಡು. ಬೆಳಗಾಗುವಷ್ಟರಲ್ಲಿ ಖಾಲಿಯಾದರೆ ಬಾವಿ ಚೆನ್ನಾಗಿದೆ.

ತೋಡುತ್ತಾ ಹೋದಂತೆ ಒಂದಡಿ ಎತ್ತರದ ಸಿಮೆಂಟ್ ರಿಂಗುಗಳನ್ನು ಇಳಿಸುತ್ತಾ ಹೋಗಬೇಕು. ಆಸರೆಯಿಲ್ಲದ ಗುಂಡಿಗೆ ಯಾರನ್ನೂ ಇಳಿಸಕೂಡದು, ಅವರೇ ಪರವಾಗಿಲ್ಲ ಅಂದರೂ ಬೇಡ. ರಿಂಗಿನಲ್ಲಿ ತೂತುಗಳಿರಲಿ, ಸಂದಿಗೆ ಗಾರೆ ಮೆತ್ತಬಾರದು. ರಿಂಗಿನ ಹೊರಗೆ ನಾಲ್ಕು ಅಂಗುಲ ಜಾಗ ಬಿಟ್ಟು 40 ಮಿ.ಮೀ. ಜಲ್ಲಿ ತುಂಬಿಸು. ಮೇಲಿನ ಮೂರಡಿಗೆ ಮಾತ್ರ ಗಾರೆ ಹಾಕಿ ಭದ್ರ ಮಾಡಿಸು, ಅಂಗಳದ ಕೊಳೆ ಇಳಿಯದಂತೆ. ಬಾವಿಯೊಳಗೆ ಜಲ್ಲಿ ಮರಳು ತುಂಬಿಸುವ ಪದ್ಧತಿ ಇದೆ, ಅದಕ್ಕೆ ಒಪ್ಪಬೇಡ. ತುಂಬಿಸಿದರೆ ನೀರಿಗೆ ಉಳಿಯುವುದು ಅರ್ಧಕ್ಕಿಂತ ಕಡಿಮೆ ಜಾಗ, ಹೂಳು ಕೂತರೆ ತೆಗೆಯುವ ದಾರಿಯೇ ಇಲ್ಲ. ಬಾಯಿಗೆ ಕಾಂಕ್ರೀಟ್ ಹಲಗೆ, ಬೀಗ ಹಾಕುವಂಥ ಕಬ್ಬಿಣದ ಮುಚ್ಚಳ. ಮನೆಯಲ್ಲಿ ಪುಟ್ಟ ಮಗು ಓಡಾಡುತ್ತದೆ, ಇದನ್ನು ನಾಳೆಗೆ ಬಿಡಬೇಡ. ನೀರು ಬಾವಿಗೆ ಬೀಳುವ ಮುಂಚೆ ಎರಡಡಿ ಉದ್ದ, ಅಗಲ, ಆಳದ ಹೂಳು ತೊಟ್ಟಿ ಕಟ್ಟಿಸಿ, ಹೊರಹೋಗುವ ಪೈಪನ್ನು ಅದರ ತಳದಿಂದ ಒಂಬತ್ತು ಅಂಗುಲ ಮೇಲೆ ಇಡಿಸು, ಮಣ್ಣು ಅಲ್ಲೇ ಕೂರುತ್ತದೆ.

ವಾಷಿಂಗ್ ಮೆಷಿನ್ ನೀರು, ಬಚ್ಚಲ ನೀರು ಇಂಗುಬಾವಿಗೆ ಒಂದು ಹನಿಯೂ ಹೋಗಬಾರದು. ಪಕ್ಕದ ಸೈಟಿನಲ್ಲಿ ಶೌಚದ ಗುಂಡಿ ಇದ್ದರೆ ಅದರಿಂದ ಆದಷ್ಟು ದೂರದ ಮೂಲೆ ಆರಿಸಿಕೊ. ಹಳೇ ಬೋರ್‌ವೆಲ್ ಪೈಪಿಗೆ ಮಳೆನೀರನ್ನು ನೇರವಾಗಿ ಬಿಡುವ ಉಪಾಯ ಯಾರಾದರೂ ಹೇಳಿದರೆ ಬೇಡವೆನ್ನು. ಸೋಸದ ನೀರು ಹಾಗೆ ಇಳಿದರೆ ಇಡೀ ಬೀದಿಯ ಅಂತರ್ಜಲ ಕೆಡುತ್ತದೆ, ಅದನ್ನು ತೊಳೆಯಲು ಯಾರಿಂದಲೂ ಆಗದು.

‘ನಾವು ಇಂಗಿಸಿದ್ದನ್ನು ಪಕ್ಕದ ಮನೆಯವರು ಬೋರ್‌ವೆಲ್ಲಿನಿಂದ ಎತ್ತಿಕೊಳ್ಳುತ್ತಾರಲ್ಲ’ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಹೌದು, ಎತ್ತಿಕೊಳ್ಳುತ್ತಾರೆ. ಇಷ್ಟು ವರ್ಷ ನಾವು ಎತ್ತಿದ ನೀರೂ ಯಾರದೋ ಹೊಲದಲ್ಲಿ, ಯಾರೋ ಕಟ್ಟಿದ ಕೆರೆಯಲ್ಲಿ ಇಂಗಿದ್ದೇ. ಬೀದಿಯಲ್ಲಿ ಒಬ್ಬರ ಮನೆಯ ಬಾವಿ ಕೆಲಸ ಮಾಡುವುದನ್ನು ಕಂಡರೆ ಹತ್ತು ಮನೆಯವರು ಮುಚ್ಚಳ ತೆಗೆದು ನೋಡಲು ಬರುತ್ತಾರೆ. ಬಂದವರಿಗೆ ಬೇಸರವಿಲ್ಲದೆ ತೋರಿಸು, ಒಡ್ಡರ ಫೋನ್ ನಂಬರ್ ಕೊಡು. ಇನ್ನೂ ಅನುಮಾನವಿದ್ದರೆ ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಉದ್ಯಾನ ಇದೆ, ಮಾದರಿಗಳನ್ನು ಕಣ್ಣಾರೆ ನೋಡಬಹುದು.

ಮಳೆನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಸೋಪು ನೊರೆ ಬರುತ್ತದೆ, ಗೀಸರಿಗೆ ಬಿಳಿ ಪದರ ಕಟ್ಟುವುದಿಲ್ಲ. ಕುಡಿಯುವುದಕ್ಕೆ ಮಾತ್ರ ಕಾಯಿಸಲೇಬೇಕು. ಮಳೆಗಾಲದಲ್ಲಿ ಒಮ್ಮೆ ಬ್ಯಾಕ್ಟೀರಿಯಾ ಪರೀಕ್ಷೆಯ ಪುಟ್ಟ ಬಾಟಲಿ ತಂದು ನೀರು ತುಂಬಿಸಿಡು. ಒಂದೆರಡು ದಿನದಲ್ಲಿ ಕಪ್ಪಾದರೆ ಕೊಳೆನೀರಿನ ಪೈಪನ್ನೂ ಡ್ರಮ್ಮಿನ ಮರಳನ್ನೂ ತೊಳೆಯಬೇಕೆಂದು ಅರ್ಥ. ಸಂಪಿನ ಗಾಳಿ ಪೈಪಿಗೆ ಸೊಳ್ಳೆ ಪರದೆ ಕಟ್ಟಿಸುವುದನ್ನು ಮರೆಯಬೇಡ.

ಉಳಿತಾಯದ ಬಗ್ಗೆ ನಿನಗೆ ಹೆಚ್ಚು ಹೇಳಬೇಕಿಲ್ಲ. ನಲ್ಲಿಗಳಿಗೆ ನೀರಿನ ಜೊತೆ ಗಾಳಿ ಬೆರೆಸಿ ಬಿಡುವ ಏರೇಟರ್ ಹಾಕಿಸು, ಫ್ಲಶ್ ಎರಡು ಗುಂಡಿಯದಿರಲಿ. ತೊಟ್ಟಿಕ್ಕುವ ನಲ್ಲಿಯ ಕೆಳಗೆ 200 ಮಿ.ಲೀ. ಲೋಟ ಇಟ್ಟು ನೋಡು. ಹತ್ತು ನಿಮಿಷಕ್ಕೆ ತುಂಬಿದರೆ ದಿನಕ್ಕೆ 29 ಲೀಟರ್, ವರ್ಷಕ್ಕೆ ಹತ್ತು ಸಾವಿರ ದಾಟುತ್ತದೆ. ಒಂದು ವಾಷರ್ ಹಾಕಿದರೆ ನಿಲ್ಲುತ್ತದೆ.

ಇನ್ನು ಸಮಯ. ಬಾವಿ ತೋಡುವುದು ನೆಲ ಒಣಗಿರುವ ಈಗಲೇ ಆಗಬೇಕು. ಮಳೆ ಹಿಡಿದ ಮೇಲೆ ತೋಡಿದರೆ ಮಣ್ಣು ಕುಸಿಯುತ್ತದೆ. ಏಪ್ರಿಲ್ ಕೊನೆಗೆ ಭರಣಿ ಮಳೆ ಕಾಲಿಡುತ್ತದೆ. ತಾರಸಿ ಹಾಕುವುದು ತಡವಾದರೂ ಬಾವಿ, ಹೂಳು ತೊಟ್ಟಿ ಅಷ್ಟರೊಳಗೆ ಸಿದ್ಧವಿದ್ದರೆ ಸೈಟಿನ ಅಂಗಳದ ನೀರಾದರೂ ಇಳಿಯಲಿ. ಆದರೆ ಸಿಮೆಂಟ್ ಕಲಸುವ ಜಾಗದ ನೀರು ಅದಕ್ಕೆ ಹರಿಯದಂತೆ ಒಂದು ಸಣ್ಣ ಬದು ಹಾಕಿಸು. ಮುಂದಿನ ವರ್ಷದಿಂದ ರೋಹಿಣಿ ಮಳೆಗೆ ಮುಂಚೆ, ಮೇ ಮೂರನೇ ವಾರದಲ್ಲಿ, ತಾರಸಿ ಗುಡಿಸಿ, ಮರಳು ತೊಳೆದು, ಬಾವಿಯ ತಳದ ಹೂಳು ತೆಗೆಸು. ತೆಗೆಯುವವರು ಇಳಿಯುವ ಮುಂಚೆ ಅರ್ಧ ದಿನ ಮುಚ್ಚಳ ತೆರೆದಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡಲಿ. ದೀಪ ಆರಿದರೆ ಯಾರೂ ಇಳಿಯಕೂಡದು. ದೀಪ ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಇಬ್ಬರು ನಿಂತಿರಬೇಕು. ಮಳೆ ನಿಂತು ಮೂರು ದಿನವಾದರೂ ಬಾವಿಯಲ್ಲಿ ನೀರು ನಿಂತೇ ಇದ್ದರೆ ಹೂಳು ಕೂತಿದೆ ಎಂದು ತಿಳಿ.

ಮೇಸ್ತ್ರಿ ಸಂಪಿನ ಗುರುತು ಹಾಕುವ ದಿನ ಮೊದಲೇ ತಿಳಿಸು. ಬಾವಿಯ ಜಾಗವನ್ನೂ ಅದೇ ಸುಣ್ಣದಲ್ಲಿ ಹಾಕಿಸಿಬಿಡು.

ನಿನ್ನ ಅಪ್ಪ