ಮಗಳಿಗೊಂದು ಪತ್ರ: ಕಿರ್ಕೆಗಾರ್ಡ್ ಮತ್ತು ಒಬ್ಬಂಟಿಯ ನಂಬಿಕೆ

ಚಿ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಮನೆಯವರು ದೇವರನ್ನು ನಂಬುತ್ತಾರೆಂಬ ಒಂದೇ ಕಾರಣಕ್ಕೆ ತಾನೂ ನಂಬುವುದು ಪ್ರಾಮಾಣಿಕವೇ ಎಂದು ನೀನು ಕೇಳಿದ್ದಕ್ಕೆ ಫೋನಿನಲ್ಲಿ ಉತ್ತರ ಹೇಳಲಾಗಲಿಲ್ಲ. ಇದೇ ಪ್ರಶ್ನೆಯನ್ನು ಬದುಕಿನುದ್ದಕ್ಕೂ ಹೊತ್ತವನು ಡೆನ್ಮಾರ್ಕಿನ ತತ್ವಜ್ಞಾನಿ ಸೋರೆನ್ ಕಿರ್ಕೆಗಾರ್ಡ್. 1813ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿ, 1855ರಲ್ಲಿ ಅದೇ ಊರಿನಲ್ಲಿ, 42ನೇ ವಯಸ್ಸಿಗೇ ತೀರಿಕೊಂಡ ಅವನನ್ನು ಅಸ್ತಿತ್ವವಾದದ, ಅಂದರೆ ತನ್ನ ಬದುಕಿನ ಆಯ್ಕೆಯನ್ನೂ ಅದರ ಹೊಣೆಯನ್ನೂ ಪ್ರತಿಯೊಬ್ಬನೂ ತಾನೇ ಹೊರಬೇಕೆನ್ನುವ ಚಿಂತನೆಯ, ಮೂಲಪುರುಷನೆಂದು ಗುರುತಿಸಿದ್ದು ನಂತರದವರು.

ಅವನ ಕಾಲದ ಡೆನ್ಮಾರ್ಕಿನಲ್ಲಿ ಲೂಥರನ್ ಚರ್ಚು ರಾಜ್ಯದ ಅಂಗವಾಗಿತ್ತು, ಪಾದ್ರಿಗಳು ರಾಜನ ಅಧಿಕಾರಿಗಳಾಗಿದ್ದರು. ಹುಟ್ಟಿದವರೆಲ್ಲ ತಾವಾಗಿಯೇ ಕ್ರೈಸ್ತರೆನಿಸಿಕೊಳ್ಳುವ ನಾಡಿನಲ್ಲಿ ಒಬ್ಬ ಮನುಷ್ಯ ನಿಜವಾಗಿ ಕ್ರೈಸ್ತನಾಗುವುದು ಹೇಗೆ ಎಂದು ಅವನು ಕೇಳಿದ.

1843ರಲ್ಲಿ ಬೇರೊಂದು ಹೆಸರಿನಲ್ಲಿ ಪ್ರಕಟಿಸಿದ 'ಭಯ ಮತ್ತು ಕಂಪನ'ದಲ್ಲಿ ಅವನು ಎತ್ತಿಕೊಂಡದ್ದು, ದೇವರ ಅಪ್ಪಣೆಯಂತೆ ಮಗ ಇಸಾಕನನ್ನು ಬಲಿಕೊಡಲು ಹೊರಟ ಬೈಬಲಿನ ಅಬ್ರಹಾಮನ ಕಥೆಯನ್ನು. ಕಥೆ ಗೊತ್ತಿರುವವರು ಕೊನೆಗೆ ಮಗನ ಬದಲು ಬಲಿಗೆ ಸಿಗುವ ಟಗರಿನತ್ತ ಬೇಗ ಧಾವಿಸುತ್ತಾರೆ; ಕಿರ್ಕೆಗಾರ್ಡ್ ಮಾತ್ರ ಮೊರೀಯ ಬೆಟ್ಟದವರೆಗಿನ ಮೂರು ದಿನಗಳ ದಾರಿಯಲ್ಲಿ, ಒಡೆದ ಸೌದೆಯ ಮುಂದೆ, ಹಿರಿದ ಕತ್ತಿಯ ಮುಂದೆ ನಮ್ಮನ್ನು ನಿಲ್ಲಿಸುತ್ತಾನೆ. ಗ್ರೀಕರ ಪುರಾಣದ ರಾಜ ಅಗಮೆಮ್ನಾನ್ ಸೇನೆಗಾಗಿ ಮಗಳನ್ನು ಬಲಿಕೊಟ್ಟಾಗ ಅವನ ಸಂಕಟ ಎಲ್ಲರಿಗೂ ಅರ್ಥವಾಗುತ್ತದೆ, ನಾಡೇ ಅವನೊಂದಿಗೆ ಅಳುತ್ತದೆ. ಅಬ್ರಹಾಮನೋ ಹೆಂಡತಿ ಸಾರಳಿಗೂ ಹೇಳಲಾರ, ಮಗನಿಗೂ ಹೇಳಲಾರ. ತಂದೆಯಾದ ನನಗೆ ಆ ಪುಟಗಳನ್ನು ಓದುವಾಗ ಈಗಲೂ ಎದೆ ನಡುಗುತ್ತದೆ, ನಡುಗಲೆಂದೇ ಅವನು ಹಾಗೆ ಬರೆದ.

ಅದೇ ಪುಸ್ತಕದಲ್ಲಿ ನನಗೆ ಅತ್ಯಂತ ಪ್ರಿಯನಾದವನು ಬೇರೊಬ್ಬ. ನಂಬಿಕೆಯ ವೀರನನ್ನು ಚಿತ್ರಿಸುವಾಗ ಲೇಖಕ ನಮಗೆ ತೋರಿಸುವುದು ತೆರಿಗೆ ವಸೂಲಿಯವನಂತೆ ಕಾಣುವ ಸಾಮಾನ್ಯ ಗೃಹಸ್ಥನನ್ನು. ಇವತ್ತು ಹೆಂಡತಿ ಕುರಿಯ ತಲೆಯನ್ನು ಹುರಿದು, ತರಕಾರಿಯ ಜೊತೆ ಬಡಿಸಿಯಾಳು ಎಂದು ಯೋಚಿಸುತ್ತಾ ಅವನು ಮನೆಗೆ ನಡೆಯುತ್ತಾನೆ. ಮನೆಯಲ್ಲಿ ಅದಿಲ್ಲದಿದ್ದರೂ ಅವನ ಸಂತೋಷಕ್ಕೆ ಕುಂದಿಲ್ಲ. ಒಳಗೆ ಎಂಥ ದೊಡ್ಡ ತ್ಯಾಗವಾಗಿದ್ದರೂ ಹೊರಗಿನವರ ಕಣ್ಣಿಗೆ ಅದರ ಸುಳಿವು ಸಿಗದು.

ರೆಗಿನೆ ಓಲ್ಸೆನ್ ಜೊತೆಗಿನ ನಿಶ್ಚಿತಾರ್ಥವನ್ನು 1841ರಲ್ಲಿ ಕಿರ್ಕೆಗಾರ್ಡನೇ ಮುರಿದುಕೊಂಡ. ಅವಳು ಪಟ್ಟ ಪಾಡನ್ನು ನೆನೆದರೆ, ಆ ನಡೆಯನ್ನು ತತ್ವದ ಹೆಸರಿನಲ್ಲಿ ಸಮರ್ಥಿಸಲು ನನಗೆ ಮನಸ್ಸು ಬಾರದು.

ಗುಂಪೆಂದರೆ ಅಸತ್ಯ ಎಂದು ಅವನು ಬರೆದದ್ದು ಜನರ ಮೇಲಿನ ತಿರಸ್ಕಾರದಿಂದಲ್ಲ; ದಾರಿಯಲ್ಲಿ ಸಿಕ್ಕ ಯಾರೊಂದಿಗಾದರೂ ಮಾತಿಗೆ ನಿಲ್ಲುವ ಸ್ವಭಾವ ಅವನದು. ಗುಂಪಿನಲ್ಲಿ ಯಾರೂ ತಾವು ಹೊಣೆ ಎನ್ನುವುದಿಲ್ಲ, ದೇವರ ಮುಂದೆಯಾದರೋ ಒಬ್ಬೊಬ್ಬರೇ ನಿಲ್ಲಬೇಕು ಎಂಬುದು ಅವನ ವಾದ. ನಂಬುವುದೆಂದರೆ 70,000 ಮಾರು ಆಳದ ನೀರಿನ ಮೇಲಿರುವುದು ಎನ್ನುವ ಅವನು ಖಚಿತತೆಯ ಭರವಸೆಯನ್ನು ಯಾರಿಗೂ ಕೊಡಲಿಲ್ಲ. ಆಸ್ಪತ್ರೆಯಲ್ಲಿ ಸಾಯುತ್ತಿದ್ದಾಗಲೂ, ರಾಜನ ಅಧಿಕಾರಿಯಾದ ಪಾದ್ರಿಯ ಕೈಯಿಂದ ಪ್ರಭುಭೋಜನವನ್ನು (ಕ್ರಿಸ್ತನ ನೆನಪಿನಲ್ಲಿ ಕೊಡುವ ರೊಟ್ಟಿ, ದ್ರಾಕ್ಷಾರಸವನ್ನು) ಸ್ವೀಕರಿಸಲು ಒಪ್ಪದೆ, ಸಾಮಾನ್ಯ ಭಕ್ತನೊಬ್ಬ ಕೊಟ್ಟರೆ ಮಾತ್ರ ತೆಗೆದುಕೊಳ್ಳುವೆನೆಂದ.

ಆದ್ದರಿಂದ ಮಗಳೇ, ನಮಗೆ ಬೇಸರವಾದೀತೆಂದು ದೇವರಿಗೆ ಕೈಮುಗಿಯಬೇಡ, ನಮ್ಮ ಮೇಲಿನ ಸಿಟ್ಟಿಗೆ ಬಿಡಲೂ ಬೇಡ. ಮುಂದಿನ ಸಲ ಬಂದಾಗ 'ಭಯ ಮತ್ತು ಕಂಪನ'ದ ನನ್ನ ಪ್ರತಿಯನ್ನು ತೆಗೆದುಕೊಂಡು ಹೋಗು. ಅಗಮೆಮ್ನಾನನ ಭಾಗವನ್ನು ಮೊದಲು ಓದಿ, ನಿನಗೇನನ್ನಿಸಿತೆಂದು ಬರೆ.

ಇಂತಿ,
ನಿನ್ನ ಅಪ್ಪ